ಜಾಕೆಟ್ ಹಾಕಿಕೊಳ್ಳಿ ಸ್ವಾಮೀ!

ಕೆಲಸಕ್ಕೆ ಸೇರಿದರೆ ಸಂಬಳ ಬರುತ್ತದೆ, ಕ್ಲಬ್ಬಿಗೆ ಸೇರಿದರೆ ಚಂದಾ ಹೋಗುತ್ತದೆ. ಅಮೆರಿಕದಲ್ಲಿ ಈ ಎರಡರ ನಡುವೆ ಇನ್ನೊಂದು ಜಾತಿಯ ಸಂಸ್ಥೆಯಿದೆ. ಅಲ್ಲಿ ಕೆಲಸವನ್ನೂ ಮಾಡಬೇಕು, ವರ್ಷಕ್ಕೊಮ್ಮೆ ಚಂದಾವನ್ನೂ ಕಟ್ಟಬೇಕು. ಸಮವಸ್ತ್ರ ಸ್ವಂತ ಖರ್ಚಿನದು, ದೋಣಿ ತಂದರೆ ಅದೂ ಸ್ವಂತದ್ದು, ಪರೀಕ್ಷೆಗೆ ಓದಿ ಕೆಡುವ ನಿದ್ದೆಯಂತೂ ಪೂರ್ತಿ ಸ್ವಂತದ್ದು. ಇದರ ಹೆಸರು ಯುನೈಟೆಡ್ ಸ್ಟೇಟ್ಸ್ ಕೋಸ್ಟ್ ಗಾರ್ಡ್ ಆಕ್ಸಿಲಿಯರಿ, ಅಂದರೆ ಅಮೆರಿಕದ ಕರಾವಳಿ ಕಾವಲು ಪಡೆಯ ಸಹಾಯಕ ದಳ. ನಮ್ಮ ಹೋಮ್ ಗಾರ್ಡ್ ದಳವನ್ನು ನೀರಿಗಿಳಿಸಿ, ದಿನಭತ್ಯೆಯನ್ನು ವಾಪಸ್ ತೆಗೆದುಕೊಂಡರೆ ಏನು ಉಳಿಯುತ್ತದೋ ಹೆಚ್ಚುಕಡಿಮೆ ಅದು.

ಆದರೂ ಜನ ಸೇರುತ್ತಾರೆ. 17 ವರ್ಷ ತುಂಬಿದ ಅಮೆರಿಕನ್ ಪ್ರಜೆ ಯಾರಾದರೂ ಸೇರಬಹುದು, ಮೇಲಿನ ವಯೋಮಿತಿಯೇ ಇಲ್ಲ. ಒಂದು ಕಾಲದಲ್ಲಿ ದೋಣಿ, ವಿಮಾನ ಅಥವಾ ರೇಡಿಯೊ ಕೇಂದ್ರ ಇವುಗಳಲ್ಲಿ ಯಾವುದರಲ್ಲಾದರೂ ಕನಿಷ್ಠ ಕಾಲು ಪಾಲು ಒಡೆತನ ಇರಬೇಕೆಂಬ ನಿಯಮವಿತ್ತು. ನಾಲ್ವರು ಸ್ನೇಹಿತರು ಸೇರಿ ಒಂದು ದೋಣಿ ಕೊಂಡರೆ ನಾಲ್ವರಿಗೂ ಅರ್ಹತೆ ಸಿಗುತ್ತಿತ್ತು. ಐದನೆಯವನು ದಡದಲ್ಲೇ ನಿಂತು ಕೈಬೀಸಬೇಕಿತ್ತು. ಈಗ ಅದೂ ಬೇಡ. ದೋಣಿಯ ಮುಖ ಯಾವುದು, ಬೆನ್ನು ಯಾವುದು ಎಂದು ತಿಳಿಯದವನೂ ಅರ್ಜಿ ಹಾಕಬಹುದು.

ಅರ್ಜಿ ಹಾಕುವವನ ತಲೆಯೊಳಗೆ ಸಾಮಾನ್ಯವಾಗಿ ಒಂದು ಸಿನಿಮಾ ಓಡುತ್ತಿರುತ್ತದೆ. ಮನೆಯೆತ್ತರದ ಅಲೆ, ಹೆಲಿಕಾಪ್ಟರಿನ ಸದ್ದು, ಹಗ್ಗ ಹಿಡಿದು ಬಾಗಿದ ತಾನು, ಆ ಹಗ್ಗದ ತುದಿಯಲ್ಲಿ ಕೃತಜ್ಞತೆಯಿಂದ ಒದ್ದೆಯಾದ ಒಬ್ಬ ಕೋಟ್ಯಧಿಪತಿ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಸಂಸ್ಥೆಯ ಮೂಲದಲ್ಲೇ ಸಿನಿಮಾ ಇದೆ. 1934ರಲ್ಲಿ, ಕೋಸ್ಟ್ ಗಾರ್ಡಿಗೆ ಇಂಥದೊಂದು ಮೀಸಲು ಪಡೆ ಬೇಕು ಎಂದು ಅಧಿಕಾರಿಯೊಬ್ಬರಿಗೆ ಪತ್ರ ಬರೆದವರು ಮಾಲ್ಕಮ್ ಸ್ಟುವರ್ಟ್ ಬಾಯ್ಲನ್. ಅವರು ಹಾಲಿವುಡ್ಡಿನ ಚಿತ್ರಕಥೆಗಾರ, ಜೊತೆಗೆ ಲಾಸ್ ಏಂಜಲೀಸಿನ ಪೆಸಿಫಿಕ್ ರೈಟರ್ಸ್ ಯಾಟ್ ಕ್ಲಬ್ಬಿನ ಮುಖ್ಯಸ್ಥ. ಬರಹಗಾರರಿಗೆಂದೇ ಒಂದು ದೋಣಿ ಕ್ಲಬ್ ನಡೆಯುವಷ್ಟು ಬರಹಗಾರರ ಬಳಿ ದೋಣಿಗಳಿದ್ದವು ಎಂಬ ಸಂಗತಿಯನ್ನು ಕನ್ನಡ ಲೇಖಕರು ಮನಸ್ಸು ಗಟ್ಟಿ ಮಾಡಿಕೊಂಡು ಓದಿ ಮುಂದೆ ಹೋಗಬೇಕು.

ಸರ್ಕಾರ ಐದು ವರ್ಷ ಯೋಚಿಸಿತು. ಅಷ್ಟರಲ್ಲಿ ಅಮೆರಿಕದ ನೀರಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಖಾಸಗಿ ದೋಣಿಗಳು ಓಡಾಡುತ್ತಿದ್ದವು. ಅವುಗಳಲ್ಲಿ ಹಲವು ಓಡುವುದಕ್ಕಿಂತ ಕೆಟ್ಟು ನಿಲ್ಲುವುದರಲ್ಲೇ ಹೆಸರು ಮಾಡಿದ್ದವು. ಎಲ್ಲರ ನೆರವಿಗೂ ಕೋಸ್ಟ್ ಗಾರ್ಡೇ ಓಡಿ ಸಾಕಾಗಿ, 1939ರ ಜೂನ್ 23ರಂದು ಅಲ್ಲಿನ ಸಂಸತ್ತು ಕಾನೂನು ಮಾಡಿ ಈ ಸ್ವಯಂಸೇವಕರ ಪಡೆಯನ್ನು ಕಟ್ಟಿತು. ಇಟ್ಟ ಹೆಸರು ‘ರಿಸರ್ವ್’. ಎರಡೇ ವರ್ಷದಲ್ಲಿ ನಿಜವಾದ ಸೈನಿಕ ಮೀಸಲು ಪಡೆ ಬೇಕಾಯಿತು. ಆ ಹೆಸರನ್ನು ಅದಕ್ಕೆ ಕೊಟ್ಟು, ಇವರಿಗೆ ‘ಆಕ್ಸಿಲಿಯರಿ’ ಎಂದು ಹೊಸ ನಾಮಕರಣ ಮಾಡಿದ್ದು 1941ರ ಫೆಬ್ರುವರಿಯಲ್ಲಿ.

ಹೆಸರು ಬದಲಾದ ಮರುವರ್ಷವೇ ಸಿನಿಮಾ ಶುರುವಾಯಿತು. 1942ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅಮೆರಿಕದ ಪೂರ್ವ ಕರಾವಳಿಗೇ ಬಂದು ಹಡಗುಗಳನ್ನು ಮುಳುಗಿಸತೊಡಗಿದವು. ಕಾಯಲು ಸಾಕಷ್ಟು ಯುದ್ಧನೌಕೆಗಳಿರಲಿಲ್ಲ. ಹಾಯಿದೋಣಿ, ಮೀನು ಹಿಡಿಯುವ ದೋಣಿ, ವಾರಾಂತ್ಯದ ಮೋಜಿನ ದೋಣಿ, ಕೈಗೆ ಸಿಕ್ಕಿದ್ದನ್ನೆಲ್ಲ ಗಸ್ತಿಗೆ ಕಳಿಸಿದರು. ಹಾಯಿದೋಣಿಗೆ ಎಂಜಿನ್ನಿನ ಸದ್ದಿಲ್ಲ, ಹಾಗಾಗಿ ನೀರಿನಡಿಯಲ್ಲಿ ಕಿವಿಗೊಟ್ಟು ಕೂತ ಶತ್ರುವಿಗೆ ಅದರ ಸುಳಿವು ಹತ್ತುವುದು ಕಷ್ಟ. ಈ ಪಡೆಗೆ ಕಾಗದದ ಮೇಲೆ ಇದ್ದ ಗಂಭೀರ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಜನ ಕರೆದದ್ದು ‘ಹೂಲಿಗನ್ ನೇವಿ’, ಅಂದರೆ ಪುಂಡರ ನೌಕಾಪಡೆ ಎಂದು. ‘ಕಾಸಾಬ್ಲಾಂಕಾ’ದ ನಾಯಕ ಹಂಫ್ರಿ ಬೋಗಾರ್ಟ್, ಬೋಸ್ಟನ್ ಪಾಪ್ಸ್ ವಾದ್ಯವೃಂದದ ನಿರ್ದೇಶಕ ಆರ್ಥರ್ ಫೀಡ್ಲರ್ ಇಬ್ಬರೂ ಆ ಕಾಲದ ಸ್ವಯಂಸೇವಕರು.

ಇದನ್ನೆಲ್ಲ ಓದಿಕೊಂಡು ಹೊಸಬ ಅರ್ಜಿ ತುಂಬುತ್ತಾನೆ. ಕೂಡಲೇ ಅವನ ಬೆರಳಚ್ಚು ಕೇಳುತ್ತಾರೆ. ಹಡಗು ಕಾಯಲು ಬಂದವನ ಹಿನ್ನೆಲೆಯನ್ನು ಸರ್ಕಾರ ಮೊದಲು ಶೋಧಿಸಬೇಕಲ್ಲ. ಫಲಿತಾಂಶ ಬರುವ ತನಕ ಅವನ ಸ್ಥಿತಿಗೆ ‘ಎಪಿ’ ಎಂದು ಹೆಸರು, ಅಂದರೆ ಅಪ್ರೂವಲ್ ಪೆಂಡಿಂಗ್. ಸರ್ಕಾರಿ ಕಚೇರಿಯ ಕಟ್ಟೆ ಸವೆಸಿ ಅಭ್ಯಾಸವಿರುವ ಭಾರತೀಯ ಮೂಲದವನಾದರೆ ಈ ಸ್ಥಿತಿಯಲ್ಲಿ ಅವನಿಗೆ ಮನೆಗೆ ಬಂದಷ್ಟೇ ನೆಮ್ಮದಿ. ಆಮೇಲೆ ಪಾಠಗಳು. ಬಿರುಗಾಳಿಯ ಪಾಠ ಬರಬಹುದು ಎಂದು ಕಾದವನಿಗೆ ಮೊದಲು ಬರುವುದು ನೈತಿಕತೆ, ಮಾಹಿತಿಯ ಗೋಪ್ಯತೆ, ನಾಗರಿಕ ಹಕ್ಕುಗಳು. ತುರ್ತು ಸಂದರ್ಭದಲ್ಲಿ ಯಾರು ಯಾರಿಗೆ ವರದಿ ಒಪ್ಪಿಸಬೇಕು ಎಂಬುದಕ್ಕೇ ಪ್ರತ್ಯೇಕ ಕೋರ್ಸುಗಳು. ಒಂದೊಂದರ ಕೊನೆಗೂ ಒಂದು ಪ್ರಮಾಣಪತ್ರ. ಮನೆಯ ಪ್ರಿಂಟರಿನ ಶಾಯಿ ಮುಗಿಯುವ ಹೊತ್ತಿಗೂ ಅವನ ಕಾಲು ಒದ್ದೆಯಾಗಿರುವುದಿಲ್ಲ.

ಇನ್ನು ನಮೂನೆಗಳು. ಸೇರುವುದಕ್ಕೆ 7001, ಕಾರ್ಯಾಚರಣೆಯ ವರದಿಗೆ 7030, ಬೇರೆ ಯಾವ ಲೆಕ್ಕಕ್ಕೂ ಬಾರದ ಗಂಟೆಗಳಿಗೆ 7029. ಸಭೆಗೆ ಹೊರಡುವ ಮೊದಲು ಮಾಡಿದ ತಯಾರಿಗೂ ಅಲ್ಲಿ ಲೆಕ್ಕವಿದೆ. ಈಗ ಇದೆಲ್ಲ ಕಂಪ್ಯೂಟರಿಗೆ ಹೋಗಿದ್ದರೂ ಹಳಬರ ಬಾಯಲ್ಲಿ ನಮೂನೆಗಳು ಇವತ್ತಿಗೂ ತಮ್ಮ ನಂಬರಿನಿಂದಲೇ ಬದುಕಿವೆ. ‘ಸೆವೆಂಟಿ ಟ್ವೆಂಟಿನೈನ್ ಹಾಕಿದಿರಾ?’ ಎನ್ನುವುದು ಅಲ್ಲಿ ‘ಊಟ ಆಯ್ತಾ?’ ಎಂಬಷ್ಟೇ ಸಹಜವಾದ ಕುಶಲಪ್ರಶ್ನೆ.

ಊರಿನ ಮಟ್ಟದ ಘಟಕದ ಹೆಸರು ‘ಫ್ಲೊಟಿಲಾ’. ಕೇಳಿದರೆ ನೂರು ಹಡಗು ಸಾಲುಗಟ್ಟಿ ಬಂದಂತಿದೆ. ಬಾಗಿಲು ತೆರೆದರೆ ಒಳಗೆ ಮಡಚುವ ಕುರ್ಚಿಗಳು, ಕಾಫಿ, ಹದಿನೈದಿಪ್ಪತ್ತು ಮಂದಿ, ಅದರಲ್ಲಿ ಬಹುಪಾಲು ನೆರೆತ ತಲೆಗಳು. ಘಟಕಕ್ಕೆ ಒಬ್ಬ ಚುನಾಯಿತ ಕಮಾಂಡರ್, ಒಬ್ಬ ವೈಸ್ ಕಮಾಂಡರ್. ಅವರ ಕೆಳಗೆ ಹಣಕಾಸು, ದಾಖಲೆ, ಪ್ರಕಟಣೆ, ಸಂಪರ್ಕ, ಸಾಮಗ್ರಿ, ಸಾರ್ವಜನಿಕ ಶಿಕ್ಷಣ, ದೋಣಿ ತಪಾಸಣೆ, ತರಬೇತಿ ಹೀಗೆ ವಿಭಾಗಕ್ಕೊಬ್ಬ ಅಧಿಕಾರಿ. ಸಣ್ಣ ಘಟಕದಲ್ಲಿ ತಲೆಗಿಂತ ಹುದ್ದೆಯೇ ಹೆಚ್ಚು. ಆದ್ದರಿಂದ ಹೊಸಬ ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಎಲ್ಲರ ಮುಖವೂ ಅರಳುತ್ತದೆ. ಅದು ಬರೀ ಸ್ನೇಹವಲ್ಲ ಎಂಬುದು ಅವನಿಗೆ ಮುಂದಿನ ತಿಂಗಳು ಅರ್ಥವಾಗುತ್ತದೆ. ಅಷ್ಟು ಹೊತ್ತಿಗೆ ಅವನು ಎರಡು ಹುದ್ದೆಗಳ ಅಧಿಕಾರಿ.

ಸಮವಸ್ತ್ರದ್ದು ಇನ್ನೊಂದು ಸೊಗಸು. ನೋಡಲು ಕೋಸ್ಟ್ ಗಾರ್ಡಿನ ಉಡುಪೇ, ಆದರೆ ಅಧಿಕಾರಿಗಳಿಗೆ ಬಂಗಾರದ ಬಣ್ಣವಿರುವಲ್ಲಿ ಇವರಿಗೆ ಬೆಳ್ಳಿಯ ಬಣ್ಣ. ಹೆಗಲ ಮೇಲಿರುವುದು ದರ್ಜೆಯಲ್ಲ, ಹುದ್ದೆಯ ಗುರುತು ಅಷ್ಟೆ. ಇವರಿಗೆ ಸೆಲ್ಯೂಟ್ ಹೊಡೆಯುವ ನಿರ್ಬಂಧ ಸೈನಿಕರಿಗಿಲ್ಲ. ಆದರೆ ಹತ್ತೊಂಬತ್ತರ ಹುಡುಗ ದೂರದಿಂದ ಕಂಡ ನೆರೆತ ತಲೆ, ನೆಟ್ಟಗಿನ ಇಸ್ತ್ರಿ, ಹೆಗಲಿನ ಹೊಳಪು ಮೂರನ್ನೂ ಕೂಡಿಸಿ ಯಾರೋ ಅಡ್ಮಿರಲ್ ಇರಬೇಕೆಂದು ಟಪ್ಪನೆ ಸೆಲ್ಯೂಟ್ ಹೊಡೆದುಬಿಡುವುದುಂಟು. ಆಗ ಮರ್ಯಾದೆಗೆ ತಿರುಗಿ ಸೆಲ್ಯೂಟ್ ಕೊಡಬೇಕೆಂಬುದು ರೂಢಿ. ಕೊಟ್ಟ ನಿವೃತ್ತ ಲೆಕ್ಕಿಗ ಆ ದಿನವಿಡೀ ಎರಡಿಂಚು ಎತ್ತರವಾಗಿರುತ್ತಾನೆ.

ಸರಿ, ಕೆಲಸವಾದರೂ ಏನು? 1996ರ ಕಾನೂನಿನ ನಂತರ ಯುದ್ಧ ಮತ್ತು ಪೊಲೀಸ್ ಕೆಲಸ ಬಿಟ್ಟು ಕೋಸ್ಟ್ ಗಾರ್ಡಿನ ಯಾವ ಕೆಲಸಕ್ಕಾದರೂ ಇವರು ಕೈಜೋಡಿಸಬಹುದು. ಕೆಲವರು ತಮ್ಮದೇ ವಿಮಾನದಲ್ಲಿ ಗಸ್ತು ಹಾರುತ್ತಾರೆ, ಕೆಲವರು ಭಾಷಾಂತರಕಾರರಾಗುತ್ತಾರೆ, ಕೆಲವರು ತರಬೇತಿ ಪಡೆದು ಹಡಗಿನ ಅಡುಗೆಮನೆಗೆ ಇಳಿಯುತ್ತಾರೆ. ಇನ್ನು ಕೆಲವರ ಪಾಲಿಗೆ ‘ಕೋಸ್ಟಿ’ ಬರುತ್ತದೆ. ಅದು ಕಣ್ಣು ಮಿಟುಕಿಸುವ, ರಿಮೋಟಿನಲ್ಲಿ ಓಡುವ ಪುಟ್ಟ ಮಾತಾಡುವ ದೋಣಿ. ಶಾಲೆಯ ಅಂಗಳದಲ್ಲಿ ಕೋಸ್ಟಿ ಮಕ್ಕಳ ಹತ್ತಿರ ಹರಟುವಾಗ, ಜನರ ಹಿಂದೆ ಏನೂ ಗೊತ್ತಿಲ್ಲದವನಂತೆ ನಿಂತು ಮೈಕಿನೊಳಗೆ ಪಿಸುಗುಡುತ್ತಿರುವ ಹಿರಿಯನೇ ಅದರ ದನಿ.

ಆದರೆ ಸಂಸ್ಥೆಯ ನಿತ್ಯದ ಕೆಲಸ ಬೇರೆ. ಅದು ಗೋಗರೆಯುವುದು.

ಯಾಕೆಂದರೆ ಲೆಕ್ಕ ಹೀಗಿದೆ. 2023ರಲ್ಲಿ ಅಮೆರಿಕದಲ್ಲಿ ಮೋಜಿನ ದೋಣಿಗಳ ಅಪಘಾತದಲ್ಲಿ ಸತ್ತವರು 564 ಮಂದಿ. ಸಾವಿನ ಕಾರಣ ತಿಳಿದ ಪ್ರಕರಣಗಳಲ್ಲಿ ನೂರಕ್ಕೆ 75 ಜನ ನೀರಿನಲ್ಲಿ ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಜನ ಲೈಫ್ ಜಾಕೆಟ್ ಹಾಕಿಕೊಂಡಿರಲಿಲ್ಲ. ದೋಣಿಯಲ್ಲಿ ತಲೆಗೊಂದು ಜಾಕೆಟ್ ಇರಲೇಬೇಕು ಎನ್ನುತ್ತದೆ ಕಾನೂನು. 13 ತುಂಬದ ಮಕ್ಕಳು, ದೋಣಿ ಚಲಿಸುವಾಗ ಹೊರಗಿದ್ದರೆ, ಅದನ್ನು ತೊಟ್ಟಿರಬೇಕು ಎಂದೂ ಹೇಳುತ್ತದೆ. ಸಾಮಾನ್ಯ ದೋಣಿಯಲ್ಲಿ ದೊಡ್ಡವರು ತೊಟ್ಟೇ ಇರಬೇಕೆಂದು ಮಾತ್ರ ಫೆಡರಲ್ ನಿಯಮ ಒತ್ತಾಯಿಸುವುದಿಲ್ಲ. ಹಾಗಾಗಿ ಜಾಕೆಟ್ಟು ಸೀಟಿನಡಿಯಲ್ಲಿ ಬೆಚ್ಚಗಿರುತ್ತದೆ, ಯಜಮಾನ ಮೇಲೆ ಗಾಳಿಗೊಡ್ಡಿಕೊಂಡು ಬಿಯರ್ ಹೀರುತ್ತಿರುತ್ತಾನೆ. ಕಾನೂನು ಕೈಬಿಟ್ಟ ಆ ಗೇಣಗಲ ಜಾಗದಲ್ಲಿ ಆಕ್ಸಿಲಿಯರಿ ವಾಸವಾಗಿದೆ. ದಂಡ ಹಾಕುವ ಹಕ್ಕಿಲ್ಲ, ಹಿಡಿಯುವ ಹಕ್ಕಿಲ್ಲ. ಇರುವುದು ಬಾಯಿ ಮತ್ತು ತಾಳ್ಮೆ.

ಬಾಯಿಗೆ ಕೆಲಸ ಕೊಡುವ ಜಾಗ ದೋಣಿ ಇಳಿಸುವ ಇಳಿಜಾರು. ಶನಿವಾರ ಬೆಳಗ್ಗೆ ಟ್ರೇಲರ್ ಸಾಲು ನಿಂತಿರುತ್ತದೆ. ಅಲ್ಲೇ ಒಂದು ಮೇಜು, ಒಂದು ಫಲಕ: ದೋಣಿ ತಪಾಸಣೆ ಉಚಿತ. ಪರೀಕ್ಷಕನಾಗಲು ಹೊಸಬ ಪರೀಕ್ಷೆ ಪಾಸಾಗಿ, ಅನುಭವಿಯೊಬ್ಬರ ಕಣ್ಣೆದುರಿಗೆ ಐದು ದೋಣಿಗಳನ್ನು ನೋಡಬೇಕು. ಕೈಯಲ್ಲಿ 7012ನೇ ನಮೂನೆ ಹಿಡಿದು ಅವನು ಮೊದಲ ದೋಣಿಯ ಹತ್ತಿರ ಹೋದರೆ, ಯಜಮಾನ ಪೊಲೀಸರನ್ನು ನೋಡಿದಂತೆ ನೋಡುತ್ತಾನೆ. ‘ದಂಡ ಇಲ್ಲ ಸ್ವಾಮಿ, ಯಾರಿಗೂ ವರದಿಯೂ ಹೋಗೋದಿಲ್ಲ’ ಎಂದು ಹೇಳಿದ ಮೇಲೆ ದೋಣಿಯ ಹೊದಿಕೆ ಸರಿಯುತ್ತದೆ.

ಮೊದಲು ನೋಂದಣಿ ಸಂಖ್ಯೆ. ಅಕ್ಷರ ಮೂರಿಂಚಿಗೆ ಕಡಿಮೆಯಿರಬಾರದು, ಸಾದಾ ಅಚ್ಚಕ್ಷರವಾಗಿರಬೇಕು, ದೋಣಿಯ ಬಣ್ಣದಿಂದ ಎದ್ದು ಕಾಣಬೇಕು. ಯಜಮಾನನ ಭಾವಮೈದ ಕಲಾವಿದ. ಬಿಳಿ ದೋಣಿಯ ಮೇಲೆ ಕೆನೆ ಬಣ್ಣದಲ್ಲಿ, ಬಳ್ಳಿ ಹಬ್ಬಿದಂತೆ ಬರೆದುಕೊಟ್ಟಿದ್ದಾನೆ. ನಮೂನೆಯಲ್ಲಿ ಒಂದು ‘ಇಲ್ಲ’ ಬಿತ್ತು.

‘ಲೈಫ್ ಜಾಕೆಟ್?’

‘ಆರು ಇವೆ. ಎಲ್ಲಾ ಹೊಸವು.’ ಹೊಸವೇ. ಅಂಗಡಿಯ ಪ್ಲಾಸ್ಟಿಕ್ಕು ಕೂಡ ಬಿಚ್ಚಿಲ್ಲ. ಮುಳುಗುವಾಗ ಕತ್ತರಿ ಹುಡುಕಲು ಪುರುಸೊತ್ತಿರುವುದಿಲ್ಲ, ಆದ್ದರಿಂದ ಪ್ಲಾಸ್ಟಿಕ್ಕಿನೊಳಗಿನ ಜಾಕೆಟ್ಟು ಲೆಕ್ಕಕ್ಕಿಲ್ಲ. ಆರೂ ದೊಡ್ಡವರ ಅಳತೆಯವು. ದೋಣಿಯಲ್ಲಿ ಆರು ವರ್ಷದ ಮಗಳಿದ್ದಾಳೆ. ಆ ಅಳತೆಯದನ್ನು ಅವಳಿಗೆ ತೊಡಿಸಿ ನೀರಿಗೆ ಬಿಟ್ಟರೆ ಜಾಕೆಟ್ಟು ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಈ ಮಾತು ಕಿವಿಗೆ ಬೀಳುವ ತನಕ ಫೋನು ನೋಡುತ್ತಿದ್ದ ತಾಯಿ ಈಗ ದೋಣಿಯಿಂದ ಇಳಿದು ಬಂದಳು.

ಬೆಂಕಿ ನಂದಿಸುವ ಸಿಲಿಂಡರಿನ ತಳದಲ್ಲಿ ತಯಾರಾದ ವರ್ಷ ಒತ್ತಿರುತ್ತದೆ. ಒಮ್ಮೆ ಬಳಸಿ ಎಸೆಯುವಂಥದ್ದಾದರೆ 12 ವರ್ಷ ದಾಟಿರಬಾರದು. ಯಜಮಾನ ತಲೆಕೆಳಗು ಮಾಡಿ, ಧೂಳು ಒರೆಸಿ, ಓದಿ, ಮೌನವಾಗಿ ಪಕ್ಕಕ್ಕಿಟ್ಟ. ಅಪಾಯದಲ್ಲಿ ಉರಿಸುವ ಫ್ಲೇರ್‌ಗಳಿಗೆ 42 ತಿಂಗಳ ಆಯುಸ್ಸು. ಇವು ಹಿಂದಿನ ಮಾಲೀಕನ ಕಾಲದವು. ಹಾರ್ನ್ ಒತ್ತಿದಾಗ ಮಾತ್ರ ಇಡೀ ಇಳಿಜಾರೇ ಬೆಚ್ಚಿಬಿತ್ತು. ಪಾಸಾದ ಆ ಒಂದು ಬಾಬತ್ತನ್ನು ಯಜಮಾನ ಮತ್ತೂ ಎರಡು ಸಲ ಒತ್ತಿ ತೋರಿಸಿದ.

ಪೂರ್ತಿ ಪಾಸಾದ ದೋಣಿಗೆ ಅಂಟಿಸುವ ಸ್ಟಿಕರ್ ಸಿಗಲಿಲ್ಲ. ಪಟ್ಟಿಯ ಪ್ರತಿ ಸಿಕ್ಕಿತು. ತಾಯಿ ಅದನ್ನು ಕಿತ್ತುಕೊಂಡು, ಮಗಳ ಕೈಹಿಡಿದು, ಕಾರಿನ ಕಡೆ ನಡೆದಳು. ಅಂಗಡಿ ಹತ್ತು ನಿಮಿಷದ ದಾರಿ. ‘ಇವತ್ತು ಮೀನು ಹಿಡಿದ ಹಾಗೇ’ ಎಂದು ಗೊಣಗುತ್ತ ಯಜಮಾನ ಹಿಂದೆ ಹೋದ.

ಗೋಗರೆತದಲ್ಲಿ ಅತಿ ಅಗ್ಗದ ಅಸ್ತ್ರ, ಹುಟ್ಟು ಹಾಕಿ ನಡೆಸುವ ಪುಟ್ಟ ಕಯಾಕ್ ದೋಣಿಗೆ ಅಂಟಿಸುವ ಸ್ಟಿಕರ್. ಖಾಲಿ ಕಯಾಕ್ ತೇಲುತ್ತಿದೆ ಎಂದು ಯಾರಾದರೂ ಕರೆ ಮಾಡಿದರೆ, ಅದರಲ್ಲಿದ್ದವನು ನೀರಿಗೆ ಬಿದ್ದಿರಬಹುದೆಂದೇ ಕೋಸ್ಟ್ ಗಾರ್ಡ್ ಹುಡುಕಾಟಕ್ಕೆ ಇಳಿಯಬೇಕು. ದೋಣಿ ಹೊರಡುತ್ತದೆ, ಹೆಲಿಕಾಪ್ಟರ್ ಹೊರಡುತ್ತದೆ. ಎಷ್ಟೋ ಸಲ ಆ ಕಯಾಕ್ ರಾತ್ರಿಯ ಗಾಳಿಗೆ ದಡದಿಂದ ಜಾರಿದ್ದು, ಅದರ ಒಡೆಯ ಮನೆಯಲ್ಲಿ ಟಿವಿ ಮುಂದೆ ಕೂತಿದ್ದಾನೆ. ಹೆಸರು, ಫೋನ್ ನಂಬರ್ ಬರೆದ ಒಂದು ಸ್ಟಿಕರ್ ಅಂಟಿಸಿದ್ದರೆ ಒಂದು ಕರೆಯಲ್ಲಿ ವಿಷಯ ಮುಗಿಯುತ್ತದೆ. ಇದನ್ನು ಹಂಚಲು ಹೊಸಬ ಕಯಾಕ್ ಅಂಗಡಿಗಳಿಗೆ ಅಲೆಯುತ್ತಾನೆ. ನೀರಿನಲ್ಲಿ ನಂಬರ್ ಅಳಿಸದಂತೆ ಯಾವ ಪೆನ್ನಿನಲ್ಲಿ ಬರೆಯಬೇಕು ಎಂಬುದರ ಮೇಲೆ ಈಗ ಅವನಿಗೆ ಖಚಿತ ಅಭಿಪ್ರಾಯವಿದೆ.

ಮೇ ತಿಂಗಳಲ್ಲಿ ರಾಷ್ಟ್ರೀಯ ಸುರಕ್ಷಿತ ದೋಣಿಯಾನ ಸಪ್ತಾಹ ಬರುತ್ತದೆ. ಅದರ ಹಿಂದಿನ ಶುಕ್ರವಾರ ಲೈಫ್ ಜಾಕೆಟ್ ತೊಟ್ಟು ಆಫೀಸಿಗೆ ಹೋಗುವ ದಿನ. ಇದು ತಮಾಷೆಯಲ್ಲ, ನಿಜವಾಗಿ ಆಚರಿಸುತ್ತಾರೆ. ಹೊಸಬ ಟೈ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದು ಲಿಫ್ಟ್ ಹತ್ತುತ್ತಾನೆ. ಒಳಗಿದ್ದವರು ಒಂದು ಹೆಜ್ಜೆ ಹಿಂದೆ ಸರಿದು, ತಮಗೇನಾದರೂ ಗೊತ್ತಿಲ್ಲದ ಪ್ರವಾಹದ ಮುನ್ಸೂಚನೆ ಇದೆಯೇ ಎಂಬಂತೆ ನೋಡುತ್ತಾರೆ. ಮೇಲಧಿಕಾರಿ ಬೆಳಗಿನ ಮೀಟಿಂಗಿನಲ್ಲಿ ಅವನ ಕಡೆ ನೋಡದೆಯೇ ಮಾತು ಮುಗಿಸುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬಳು ಮೆಲ್ಲಗೆ ಅವನ ಮೇಜಿಗೆ ಬಂದು ಕೇಳುತ್ತಾಳೆ: ‘ನಮ್ಮಪ್ಪ ಒಬ್ಬನೇ ಮೀನು ಹಿಡಿಯೋಕೆ ಹೋಗ್ತಾನೆ. ದಪ್ಪ ಇದ್ದಾನೆ. ಅವನಿಗೆ ಆಗೋ ಸೈಜ್ ಬರುತ್ತಾ?’ ಹೊಸಬ ಕೂಡಲೇ ಎದ್ದು ನಿಂತು, ಎದೆಯ ಸುತ್ತಳತೆ ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂದು ತನ್ನ ಮೈಮೇಲೆಯೇ ತೋರಿಸತೊಡಗುತ್ತಾನೆ.