ಐದು ಯೂರೊ ಮುಳುಗಡೆ

ಮಗ ಜರ್ಮನಿಯಲ್ಲಿ ನೌಕರಿಗಿದ್ದಾನೆ ಎಂಬ ಒಂದೇ ಅಪರಾಧಕ್ಕೆ ನಾನೂ ನಮ್ಮ ಮನಿಯಾಕಿಯೂ 2025ರ ಜುಲೈ ತಿಂಗಳ ಒಂದು ಶುಕ್ರವಾರ ಸಂಜೆ ವೆನಿಸ್‌ಗೆ ಹೋಗಿ ಇಳಿದೆವು. ಕೃಷ್ಣೆಯ ದಂಡೆಯ ಗಲಗಲಿಯವರು ನೀರು ನೋಡಲು ಅಷ್ಟು ದೂರ ಹೋಗಬೇಕೇ ಎಂದು ಬೀಗರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಮ್ಮೂರಲ್ಲಿ ನೀರೇ ಜನರನ್ನು ನೋಡಲು ಹಿತ್ತಿಲತನಕ ಬರುತ್ತದೆ.

ಆ ಊರಿನೊಳಗೆ ಕಾಲಿಡಲೂ ಟಿಕೆಟ್. 2024ರ ಏಪ್ರಿಲ್ 25ರಿಂದ ಶುರುವಾದದ್ದು. ರಾತ್ರಿ ತಂಗದೆ ಬಂದು ಹೋಗುವವರು ಜನಜಂಗುಳಿಯ ದಿನಗಳಲ್ಲಿ ತಲೆಗೆ ಐದು ಯೂರೊ ಕಟ್ಟಬೇಕು. ಮೊದಲೇ ಬುಕ್ ಮಾಡದೆ ಕೊನೇ ಗಳಿಗೆಯಲ್ಲಿ ಬಂದರೆ ಈಗ ಹತ್ತು. ಆದರೆ ಈ ವಸೂಲಿ ಬೆಳಗಿನ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಮಾತ್ರ. ಇದು ಕಿವಿಗೆ ಬಿದ್ದದ್ದೇ ತಡ, ಮನಿಯಾಕಿ ನನ್ನನ್ನು ಪಾದುವಾದ ಲಾಡ್ಜಿನಲ್ಲಿ ಮೂರೂವರೆಯವರೆಗೆ ಕಟ್ಟಿಹಾಕಿದಳು. "ನಾಕಕ್ಕ ಪುಕ್ಕಟ ಐತಿ ಅಂದಮ್ಯಾಲ ಮೂರಕ್ಕ ಹೋಗೂದು ಯಾವ ಶ್ಯಾಣೇತನರೀ?"

ರೈಲು ಸಮುದ್ರಕ್ಕೆ ಇಳಿಯುವ ಮುಂಚೆ ಮೆಸ್ತ್ರೆ ಎಂಬ ಸ್ಟೇಷನ್ ಬಂತು. ಒಣ ನೆಲ, ಸಾಲು ಕಟ್ಟಡ, ಸಾಲು ಕಿಟಕಿ. ನೋಡಿದೊಡನೆ ಗುರುತು ಸಿಕ್ಕಿತು: ನಮ್ಮ ಬಾಗಲಕೋಟೆಗಿದ್ದಂತೆ ಇದು ಅವರ ನವನಗರ. 1951ರಲ್ಲಿ ಹಳೆಯ ವೆನಿಸ್‌ನಲ್ಲಿ ಸುಮಾರು 1,75,000 ಜನ ಇದ್ದರು. 2022ರಲ್ಲಿ ಆ ಲೆಕ್ಕ 50 ಸಾವಿರದ ಕೆಳಗೆ ಇಳಿಯಿತು. ಬಹಳಷ್ಟು ಮಂದಿ ಗಂಟುಮೂಟೆ ಕಟ್ಟಿಕೊಂಡು ಇತ್ತ ಕಡೆ ಬಂದವರೇ. ಬಾಗಲಕೋಟೆಯವರನ್ನು ಆಲಮಟ್ಟಿ ಅಣೆಕಟ್ಟಿನ ನೀರು ನವನಗರಕ್ಕೆ ಎಬ್ಬಿಸಿತು. ವೆನಿಸ್‌ನವರನ್ನು ನೀರು ನೋಡಲು ಬಂದವರು ಎಬ್ಬಿಸಿದರು. ಮನೆಗಳೆಲ್ಲ ಲಾಡ್ಜ್ ಆದಮೇಲೆ ಮನೆಯವರಿಗೆ ಎಲ್ಲಿ ಜಾಗ?

ಸೇಂಟ್ ಮಾರ್ಕ್ ಚೌಕ ಮುಟ್ಟುವ ಹೊತ್ತಿಗೆ ಕಾಲು ಸೋತಿದ್ದವು. ಮೆಟ್ಟಿಲ ಮೇಲೆ ಕೂತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದ್ದೆವಷ್ಟೆ, ಜಾಕೀಟು ತೊಟ್ಟವನೊಬ್ಬ ಬಂದು ಕೈಸನ್ನೆಯಲ್ಲಿ ಎಬ್ಬಿಸಿದ. ಅಲ್ಲಿ ನೆಲದ ಮೇಲೆ ಕೂತು ಉಂಡರೆ ನೂರು, ಇನ್ನೂರು ಯೂರೊ ದಂಡವಂತೆ. ಊರೇ ನೀರಿಗೆ ಕೂರುತ್ತಿದೆ, ನಾವು ಕೂರುವಂತಿಲ್ಲ.

ಎದುರಿನ ಗಂಟೆಗೋಪುರದ ಕಥೆಯನ್ನು ಮಗ ಫೋನಿನಲ್ಲೇ ಹೇಳಿದ. 1902ರ ಜುಲೈ 14ರಂದು ಅದು ದಬ್ಬನೆ ಕುಸಿದಿತ್ತು. ಎಲ್ಲಿತ್ತೋ ಅಲ್ಲೇ, ಹೆಂಗಿತ್ತೋ ಹಂಗೇ ಕಟ್ಟುತ್ತೇವೆ ಎಂದರು. 1912ರಲ್ಲಿ ಕಟ್ಟಿ ಮುಗಿಸಿದರು. ನಮ್ಮ ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರ ಮೇ 22ರಂದು. ಮುಳುಗಡೆ ಪರಿಹಾರದ ಫೈಲು ಆವತ್ತಿನಿಂದ ನಡೆಯುತ್ತಲೇ ಇದೆ. ಎಲ್ಲಿತ್ತೋ ಅಲ್ಲೇ, ಹೆಂಗಿತ್ತೋ ಹಂಗೇ.

ಮನಿಯಾಕಿಗೆ ಗೋಪುರ ಬೇಕಿರಲಿಲ್ಲ. "ಇದು ಎಷ್ಟಕ್ಕ ಮುಳುಗತೈತಿ, ಕೇಳ್ರಿ." ನಮ್ಮ ಕಡೆ ಹುಡುಗರಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬರುವ ಸಂಖ್ಯೆಗಳು ಎರಡು: ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ 519.60 ಮೀಟರ್, 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿದ 524.256 ಮೀಟರ್. "ಅಲ್ಲಿ 110 ಸೆಂಟಿಮೀಟರ್ ಬಂದ್ರ ಸೈರನ್ ಹೊಡೀತಾರ, ಯವ್ವಾ" ಎಂದ ಮಗ. ಆಕೆ ಚೌಕದ ಪಾರಿವಾಳಗಳೆಲ್ಲ ಹಾರುವಂತೆ ನಕ್ಕಳು. "ಸೆಂಟಿಮೀಟರ್ ಲೆಕ್ಕದಾಗ ಮುಳುಗೂ ಊರೂ ಒಂದು ಊರೇನೋ?"

ಆ ಸೆಂಟಿಮೀಟರುಗಳನ್ನು ತಡೆಯಲು ಅವರು ಸಮುದ್ರದ ಬಾಯಿಗೆ 78 ಗೇಟು ಹಾಕಿದ್ದಾರೆ. 2003ರಲ್ಲಿ ಶುರುವಾದ ಕೆಲಸ. ನೀರು ತಡೆಯಲು ಗೇಟು ಮೊದಲ ಸಲ ಎದ್ದದ್ದು 2020ರ ಅಕ್ಟೋಬರ್ 3ರಂದು. ಖರ್ಚು 500 ಕೋಟಿ ಯೂರೊ ದಾಟಿತು. ನಡುವೆ 2014ರಲ್ಲಿ ಲಂಚದ ಪ್ರಕರಣದಲ್ಲಿ ಆಗಿನ ಮೇಯರ್ ಸಹಿತ ಹಲವರ ಬಂಧನವೂ ಆಯಿತು. ಯೋಜನೆಯ ಹೆಸರು ಮೋಸೆ. ಕನ್ನಡ ಬಲ್ಲವರೊಬ್ಬರನ್ನು ಕೇಳಿದ್ದರೆ ಮೊದಲೇ ಎಚ್ಚರಿಸುತ್ತಿದ್ದರು. ಇತ್ತ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಮುಂದಾಳು ಸಿದ್ದು ನ್ಯಾಮಗೌಡರ ಬೆನ್ನಿಗೆ ನಿಂತ ರೈತರು ತಮ್ಮ ದುಡ್ಡು, ತಮ್ಮ ಬೆವರು ಹಾಕಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಹೆಸರು ಶ್ರಮಬಿಂದು ಸಾಗರ. ಅದನ್ನು ನೋಡಲು ಯಾರೂ ಟಿಕೆಟ್ ಕೇಳುವುದಿಲ್ಲ. ಯಾರೂ ಟಿಕೆಟ್ ಕೊಟ್ಟು ಹೋಗುವುದೂ ಇಲ್ಲ.

ಗೊಂಡೋಲ ಹತ್ತದೆ ವಾಪಸು ಬಂದರೆ ಮಗನಿಗೆ ಬೇಜಾರಾಗುತ್ತದೆಂದು ದರ ವಿಚಾರಿಸಿದೆವು. ಹಗಲು 90 ಯೂರೊ, ಸಂಜೆ ಏಳರ ಮೇಲೆ 110. ಗಡಿಯಾರದಲ್ಲಿ ಏಳೂ ಹತ್ತು. ನಾಲ್ಕರ ಮೇಲೆ ಬಂದು ತಲೆಗೆ ಐದು ಉಳಿಸಿದ್ದ ಶ್ಯಾಣೇತನ ಅಲ್ಲಿಗೆ ಇಪ್ಪತ್ತರ ಬಡ್ಡಿ ಸಮೇತ ಮುಳುಗಿತು. "ಹನ್ನೊಂದು ಸಾವಿರ ರೂಪಾಯಿಗೆ ಅರ್ಧ ತಾಸು? ಅಂಬಿಗ ಹಾಡೂ ಹೇಳಂಗಿಲ್ಲೇನು?" ಹಾಡಿಗೆ ಬೇರೆ ದುಡ್ಡು ಎಂದೆ. ಹರಿದಾಸಿ ಗಲಗಲಿ ಅವ್ವ ಕಟ್ಟಿದ ಹಾಡುಗಳನ್ನು ಪುಕ್ಕಟೆ ಕೇಳಿ ಬೆಳೆದ ಊರಿನ ಹೆಣ್ಣುಮಗಳು ತಿರುಗಿ ನೋಡದೆ ಸ್ಟೇಷನ್ ದಾರಿ ಹಿಡಿದಳು.

ರೈಲಿನಲ್ಲಿ ಊರಿನಿಂದ ನೆಗೆಣ್ಣಿಯ ಫೋನು. ಅಲ್ಲಿ ನಡುರಾತ್ರಿ, ಹೊಳಿ ಏರುತ್ತಿದೆಯೆಂದು ಯಾರಿಗೂ ನಿದ್ದೆ ಇಲ್ಲ. "ನಾವೂ ಸಂಜೀತನಕ ನೀರಾಗಿನ ಊರಾಗ ಇದ್ವೆವ್ವಾ" ಎಂದಳು ಇವಳು. ಆ ಕಡೆಯಿಂದ ತಡವಿಲ್ಲದೆ ಪ್ರಶ್ನೆ ಬಂತು: "ಹೌದಾ? ಪರಿಹಾರ ಎಷ್ಟು ಕೊಟ್ರು?"

ಆದಕಾರಣ ಜಿಲ್ಲಾಡಳಿತಕ್ಕೆ ನಮ್ಮದೊಂದು ಅರ್ಜಿ. ಕೃಷ್ಣೆಯ ಹಿನ್ನೀರು ಸುತ್ತುವರಿದ ಮುತ್ತೂರು, ಕಂಕಣವಾಡಿಯ ನಡುಗಡ್ಡೆಗಳನ್ನು ಈ ಮಳೆಗಾಲದಿಂದಲೇ ದಕ್ಷಿಣದ ವೆನಿಸ್ ಎಂದು ಘೋಷಿಸಿ ತಲೆಗೆ ಐದು ಯೂರೊ ಇಡಬೇಕು. ಸಂತ್ರಸ್ತರ ಕಾರ್ಡು ಇದ್ದವರಿಗೆ ರಿಯಾಯಿತಿ. ಓದುಗರೇ, ನೀವು ನಾಲ್ಕರ ಮೇಲೆ ಬನ್ನಿ, ಟಿಕೆಟ್ ಇರುವುದಿಲ್ಲ. ಬೋಟು ಇರುವ ಖಾತ್ರಿಯನ್ನು ಮಾತ್ರ ನಾವು ಕೊಡುವುದಿಲ್ಲ.