ಟೋಲಿನ ಮೇಲೊಂದು ಟೋಪಿ

ಕೊಪ್ಪಳದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಸ್ಟುಡಿಯೋ ಅಂದರೆ ದೊಡ್ಡ ಮಾತಾಯಿತು. ಒಂದು ಪರದೆ, ಎರಡು ಲೈಟು, ತಲೆ ಬಾಚಿಕೊಳ್ಳುವವರಿಗೊಂದು ಕನ್ನಡಿ, ಬಾಗಿಲಲ್ಲಿ ಒಂದು ಮುದಿ ಓಮ್ನಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ. ದಾಟುವ ಯೋಗ ನನ್ನ ಜಾತಕದಲ್ಲೇ ಇಲ್ಲ. ಆದರೂ ಕಂಪನಿಯೊಂದು ‘ಜಿಎಸ್‌ಟಿ ಬಿಲ್ ಇದ್ರ ಅಷ್ಟ ಕೆಲಸ’ ಅಂದದ್ದಕ್ಕೆ ನಾನಾಗಿ ಹೋಗಿ ಕೊರಳೊಡ್ಡಿದೆ.

ಕೆಲಸ ಇದ್ದದ್ದು ಕುಷ್ಟಗಿ ದಾಟಿ ಇಲಕಲ್ ಕಡೆಗೆ, 50ನೇ ನಂಬರಿನ ಹೆದ್ದಾರಿಯಲ್ಲಿ. ಸೂರ್ಯಕಾಂತಿ ಹೊಲದಲ್ಲಿ ನಿಂತ ರೈತರ ಫೋಟೋ ತೆಗೆದು ಬಂದು, ಠೀವಿಯಿಂದ ಬಿಲ್ ಬರೆದೆ. ಫೋಟೋ ಕೂಲಿಗೆ ಶೇ 18 ತೆರಿಗೆ. ಕೆಳಗೆ ಗೆರೆ ಎಳೆದು, ತೆರಿಗೆ ಇಲ್ಲದೆ, ‘ಟೋಲ್ 150, ಪೆಟ್ರೋಲ್ 600’. ಟೋಲಿಗೆ ಜಿಎಸ್‌ಟಿ ಇಲ್ಲವೆಂಬುದು ನನ್ನಂಥವನಿಗೂ ಗೊತ್ತು. 2017ರ ಜುಲೈ 1ರಿಂದಲೇ ಅದಕ್ಕೆ ವಿನಾಯಿತಿ. ಒಂದು ವಾರಕ್ಕೆ ಬಿಲ್ ವಾಪಸ್ ಬಂತು, ಆ ಎರಡು ಸಾಲಿಗೆ ಕೆಂಪು ಮಸಿಯ ಕುಂಕುಮ ಇಟ್ಟುಕೊಂಡು.

ನಮ್ಮ ಆಡಿಟರ್ ಬೈಕ್ ಮೇಲೆ ಅಂಗಡಿಗೇ ಬಂದರು.

‘ಟೋಲಿಗೂ ಹದಿನೆಂಟು ಹಚ್ರಿ ಸರ.’

‘ಅಲ್ರಿ, ಟೋಲಿಗೆ ಜಿಎಸ್‌ಟಿ ಇಲ್ಲಲ್ರಿ?’

‘ಟೋಲ್‌ನಾವ್ರು ನಿಮಗ ಹಚ್ಚಂಗಿಲ್ಲ. ನೀವು ಕಂಪನಿಗೆ ಹಚ್ಚಬೇಕು. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ?’

ನನ್ನ ಬಿಲ್ಲೆಂಬ ಊರಿಗೆ ಬಂದ ಮೇಲೆ ಟೋಲು, ಪೆಟ್ರೋಲು, ದಾರಿಯಲ್ಲಿ ತಿಂದ ಮಂಡಕ್ಕಿ ಒಗ್ಗರಣಿ-ಮಿರ್ಚಿ, ಎಲ್ಲವೂ ‘ಫೋಟೋ ತೆಗೆಯುವ ಸೇವೆ’ಯೇ ಆಗಿಬಿಡುತ್ತವಂತೆ. ಪಕ್ಕದ ಮನೆಯ ಅಕ್ಕ ನೂರು ರೂಪಾಯಿ ಕೊಟ್ಟು ‘ಬರ್ತಾ ಬದನಿಕಾಯಿ ತಾರಪ್ಪ’ ಅಂದರೆ ನಾನು ಬರೀ ಹಮಾಲ. ಕಾಯಿ ಅವಳದು, ಚಿಲ್ಲರೆಯೂ ಅವಳದು, ತೆರಿಗೆಯ ಮಾತಿಲ್ಲ. ಅದೇ ಬದನೆಕಾಯಿಯನ್ನು ನಾನೇ ಎಣ್ಣೆಗಾಯಿ ಮಾಡಿ ಬಡಿಸಿದರೆ ಅದು ಊಟ. ಟೋಲ್ ಗೇಟ್ ದಾಟಿದವನು ನಾನು, ಕಂಪನಿಯಲ್ಲ. 150ಕ್ಕೆ 27 ಕೂಡಿತು. ಪೆಟ್ರೋಲಿನದು ಇನ್ನೂ ಮಜ. ಅದು ಜಿಎಸ್‌ಟಿಯೊಳಗೆ ಬರದ ಹಳೇ ಹುಲಿ. ರಾಜ್ಯದ ಮಾರಾಟ ತೆರಿಗೆಯೇ ಶೇ 29.84. ಅದನ್ನು ತೆತ್ತು ತುಂಬಿಸಿಕೊಂಡ 600ರ ಮೇಲೆ ಮತ್ತೆ 108. ಟೋಪಿಯ ಮೇಲೆ ರುಮಾಲು.

ಲಂಡನ್ನಿನಲ್ಲೂ ಇದೇ ಪಾಡಂತೆ. ಅಲ್ಲಿ 2003ರ ಫೆಬ್ರವರಿ 17ರಿಂದ ನಡುಪೇಟೆಗೆ ಗಾಡಿ ಒಯ್ದರೆ ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ಹಾಕಿದರು. ಆಮೇಲೆ ಏರುತ್ತಲೇ ಹೋಯಿತು. ಆ ಶುಲ್ಕಕ್ಕೆ ವ್ಯಾಟ್ ಇಲ್ಲ. ಆದರೆ ನಲ್ಲಿ ರಿಪೇರಿಯವನು ಅದನ್ನು ತನ್ನ ಬಿಲ್ಲಿಗೆ ಸೇರಿಸಿದರೆ ಅದರ ಮೇಲೂ ಶೇ 20. ಮುಖ ಕಾಣದ ಆ ನಲ್ಲಿಯವನ ಮೇಲೆ ನನಗೆ ದಾಯಾದಿಯ ಪ್ರೀತಿ ಹುಟ್ಟಿದೆ.

ಯಲಬುರ್ಗಾದ ನಮ್ಮಜ್ಜ ನಿಜಾಮನ ಕಾಲದವನು. ತುಂಗಭದ್ರೆ ದಾಟಿದರೆ ಬೇರೆ ಸರಕಾರ. ನಡುವೆ ಕರೋಡಗಿರಿ ನಾಕಾ, ಸರಕಿನ ಬೆಲೆಯ ಮೇಲೆ ನೂರಕ್ಕೆ ಐದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂಬ ಗಾದೆಯನ್ನು ಅಜ್ಜ ತನ್ನದೇ ಅನುಭವದಂತೆ ಹೇಳುತ್ತಿದ್ದ. ಕರ್ನಾಟಕದಲ್ಲಿ ಊರ ಬಾಗಿಲ ಜಕಾತಿ 1979ರಲ್ಲಿ ಹೋಗಿ ಪ್ರವೇಶ ತೆರಿಗೆ ಬಂತು, ಜಿಎಸ್‌ಟಿ ಬಂದು ಅದೂ ಹೋಯಿತು. ಜಾಣರು ಮಾತ್ರ ಎಲ್ಲ ಕಾಲಕ್ಕೂ ಇದ್ದಾರೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಅಂದದ್ದೇ ತಡ, ಮಾರುಕಟ್ಟೆಯಲ್ಲಿ 26 ಕಿಲೋ ಚೀಲ ಹುಟ್ಟಿತು. ಗಂಗಾವತಿಯ ನನ್ನ ಭಾವನ ಮನೆಯಲ್ಲಿ ಅಂಥದ್ದೊಂದು ಚೀಲ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡೆ. ಆ ಒಂದು ಕಿಲೋದ ತೆರಿಗೆ ನಾನು ಕಟ್ಟಿದೆ ಅನ್ನಿ.

ಬಿಲ್ ತಿದ್ದಿದೆ. ಗೆರೆ ಅಳಿಸಿ ಎಲ್ಲವನ್ನೂ ಮೇಲಕ್ಕೆ ಸೇರಿಸಿ ‘ಪ್ರಯಾಣ ಸಹಿತ’ ಎಂದು ಬರೆದೆ. ಕಂಪನಿಯವರು ತಕರಾರಿಲ್ಲದೆ ದುಡ್ಡು ಹಾಕಿದರು. ಕಟ್ಟಿದ ತೆರಿಗೆ ಅವರಿಗೆ ಲೆಕ್ಕದಲ್ಲಿ ವಾಪಸ್ ಸಿಗುತ್ತದಲ್ಲ, ಅವರಿಗೇನು.

ಮೊನ್ನೆ ಆಡಿಟರದೂ ಬಿಲ್ ಬಂತು. ‘ಸಲಹೆ’ಯ ಕೆಳಗೊಂದು ಸಾಲು: ಬೈಕ್ ಪೆಟ್ರೋಲ್, 60. ಪಕ್ಕದಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, 10 ರೂಪಾಯಿ 80 ಪೈಸೆ.