ಭಿತ್ತಿನಾಳ ಮೀಮಾಂಸೆ

ಗೋಡೆಯೊಳಗಿನ ನಾಳಗಳ ವಿಚಾರದಲ್ಲಿ ನಮ್ಮ ವಿದ್ವಾಂಸರು ತಾಳಿರುವ ಮೌನ ಅಕ್ಷಮ್ಯ. ಶಾಸನಗಳಿಗೆ ಸಂಪುಟಗಳಿವೆ, ವೀರಗಲ್ಲುಗಳಿಗೆ ಪಿಎಚ್.ಡಿ.ಗಳಿವೆ, ಬಸವನಗುಡಿಯ ಹಳೆ ಮನೆಯೊಂದರಲ್ಲಿ ಎಲ್ಲಿಂದಲೋ ಬಂದು ಎಲ್ಲಿಗೂ ಹೋಗದೆ ನಿಂತಿರುವ ಮುಕ್ಕಾಲಿಂಚಿನ ಜಿ.ಐ. ಪೈಪಿಗೆ ಒಂದು ಅಡಿಟಿಪ್ಪಣಿಯೂ ಇಲ್ಲ. ಆ ಕೊರತೆ ನೀಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕ್ಷೇತ್ರಕಾರ್ಯಕ್ಕೆ ಸುತ್ತಿಗೆ, ಉಳಿಗಳನ್ನು ಪ್ಲಂಬರ್ ಒದಗಿಸಿದರು. ಗೋಡೆಯನ್ನು ಯಜಮಾನರು ಒದಗಿಸಿದರು, ಅಷ್ಟೇನೂ ಸಂತೋಷದಿಂದಲ್ಲ.

ಈ ಶಾಸ್ತ್ರದ ಆದಿಪುರುಷ ರೋಮಿನ ಫ್ರಾಂಟಿನಸ್. ಕ್ರಿ.ಶ. 97ರಲ್ಲಿ ಆ ನಗರದ ನೀರಿನ ಉಸ್ತುವಾರಿ ವಹಿಸಿಕೊಂಡ ಈತ ಬೀದಿಗಳ ಅಡಿಯಲ್ಲಿ ಗುಟ್ಟಾಗಿ ಜೋಡಿಸಿದ್ದ ಕೊಳವೆಗಳ ವಿಷಯ ಬರೆದಿಟ್ಟಿದ್ದಾನೆ. ಎಷ್ಟು ನೀರು ಕಳುವಾಗಿತ್ತೆಂಬುದನ್ನು ಅವನು ಅಂದಾಜು ಮಾಡಿದ್ದು, ಅವನ್ನೆಲ್ಲ ಕಿತ್ತಾಗ ಸಿಕ್ಕಿದ ಸೀಸದ ರಾಶಿಯಿಂದ. ನಮ್ಮ ಬಿಜಾಪುರದ ಆದಿಲ್‌ಶಾಹಿಗಳು ಮಣ್ಣಿನ ಕೊಳವೆಗಳನ್ನು ಗಾರೆಯೊಳಗೆ ಹೂತು, ನೀರಿನ ಒತ್ತಡ ಮುರಿಯಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಎಬ್ಬಿಸಿದರು. ಕೆಲವು ಈಗಲೂ ನಿಂತಿವೆ. ಪೈಪು ಎಲ್ಲಿ ಹಾದಿದೆ ಎಂದು ಮುಂದಿನವರಿಗೆ ತಿಳಿಯುವಂತೆ ಕೆಲಸ ಮಾಡಿದ ಕಡೆಯ ಗುತ್ತಿಗೆದಾರರು ಅವರೇ ಇರಬೇಕು. ಆಮೇಲೆ ಬಂದವರು ಸಿಮೆಂಟು ಮೆತ್ತಿ, ಸುಣ್ಣ ಬಳಿದು, ಬಿಲ್ಲು ಕೊಟ್ಟು ಹೊರಟುಹೋದರು.

ಬೆಂಗಳೂರಿನ ಗೋಡೆಗಳಲ್ಲಿ ಮೂರು ಮುಖ್ಯ ಸ್ತರಗಳನ್ನು ಗುರುತಿಸಬಹುದು: 1890ರ ದಶಕದ ಹೆಸರಘಟ್ಟ ಸ್ತರ, 1933ರ ತಿಪ್ಪಗೊಂಡನಹಳ್ಳಿ ಸ್ತರ, 1974ರಲ್ಲಿ ಆರಂಭವಾದ ಕಾವೇರಿ ಸ್ತರ. ಇವುಗಳ ಮೇಲೆ ಬೋರ್‌ವೆಲ್ ಮತ್ತು ಟ್ಯಾಂಕರ್ ಎಂಬ ಎರಡು ಅರ್ವಾಚೀನ ನಿಕ್ಷೇಪಗಳಿವೆ. ಹೊಸ ಯುಗ ಬಂದಾಗ ಹಳೆಯದನ್ನು ಯಾರಾದರೂ ಕಿತ್ತರೆಂಬುದಕ್ಕೆ ಆಧಾರವಿಲ್ಲ. ಬಾಯಿಗೊಂದು ಡಮ್ಮಿ ಬಿಗಿದು, ಪಕ್ಕದಲ್ಲೇ ಇನ್ನೊಂದು ಎಳೆಯುವುದು ಪರಂಪರೆ. ಕಾಲನಿರ್ಣಯಕ್ಕೆ ಪ್ರಯೋಗಶಾಲೆ ಬೇಡ, ಜಾಯಿಂಟ್ ಬಿಚ್ಚಿದರೆ ಸಾಕು. ಎಲ್ಬೋದ ಥ್ರೆಡ್ಡಿಗೆ ಸಣಬಿನ ನಾರು ಸುತ್ತಿ ಬಿಳಿ ಬಣ್ಣ ಮೆತ್ತಿದ್ದರೆ ಪ್ರಾಚೀನ. ಟೆಫ್ಲಾನ್ ಟೇಪು ಇದ್ದರೆ ಆಧುನಿಕ. ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿದಿದ್ದರೆ ಅಂದು ಭಾನುವಾರ. ಕೊಯ್ದ ಪೈಪಿನ ಅಡ್ಡಸೀಳು ನೋಡಿದೆ. ಹೆಸರಿಗೆ ಮುಕ್ಕಾಲಿಂಚು, ಒಳಗೆ ತುಕ್ಕು ಗಂಟುಗಂಟಾಗಿ ಬೆಳೆದು ಪೆನ್ಸಿಲ್ ತೂರುವಷ್ಟು ಜಾಗ. ‘ಪ್ರೆಶರೇ ಇಲ್ಲ’ ಎಂದು ಮೂರು ತಲೆಮಾರು ಸರ್ಕಾರವನ್ನು ಬೈದ ಪ್ರಕರಣದಲ್ಲಿ ನಿಜವಾದ ಪ್ರತಿವಾದಿ ಆ ತೂತು.

ಪ್ರಬಂಧದ ಜೀವಾಳವಿರುವುದು ದೇವರಮನೆಯಲ್ಲಿ. ಟೈಲ್ಸ್ ಹಾಕಿಸಲೆಂದು ಗಾರೆ ಕೆತ್ತಿಸಿದಾಗ, ಮೊಣಕಾಲೆತ್ತರದಲ್ಲಿ ಹಿತ್ತಾಳೆ ನಲ್ಲಿಯೊಂದರ ಬುಡ ಹೊರಬಿತ್ತು. ಪಕ್ಕದ ಇಟ್ಟಿಗೆಗಳಿಗೆ ಮಸಿ ಹಿಡಿದಿತ್ತು. ನೆಲದ ಮೂಲೆಯಲ್ಲಿ ಮುಚ್ಚಿದ ಬಿಲವೊಂದಿತ್ತು. ಯಜಮಾನರ ಪೂರ್ವಪಕ್ಷ ಹೀಗೆ: ಇದು ಅಭಿಷೇಕಕ್ಕೆಂದು ಹಿರಿಯರು ಮಾಡಿಸಿದ ಏರ್ಪಾಡು, ಬಿಲವು ತೀರ್ಥ ಹರಿದುಹೋಗುವ ಪ್ರಣಾಳ. ಪ್ಲಂಬರರ ಸಿದ್ಧಾಂತ: ‘ಸಾರ್, ಇದು ಬಚ್ಲು.’

ಪ್ರತ್ಯಕ್ಷದಿಂದ ಬಗೆಹರಿಯದ ಕಾರಣ ಅನುಮಾನಕ್ಕೆ ಬರೋಣ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರಿಗೆ, ಇಟ್ಟಿಗೆಯ ಮಸಿ ಕಂಡು ಹಂಡೆಯನ್ನು ಊಹಿಸುವುದು ಕಷ್ಟವಲ್ಲ. ದೇವರಿಗೆ ಹಂಡೆಗಟ್ಟಲೆ ಬಿಸಿನೀರು ಕಾಯಿಸುವ ಪದ್ಧತಿ ಆ ಮನೆತನದಲ್ಲಿಲ್ಲ. ಅರ್ಥಾಪತ್ತಿಯೂ ಅತ್ತಲೇ ಎಳೆಯುತ್ತದೆ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ತಾನೇ ಅರ್ಥ? ಮನೆಯ ಹಳೆ ಭಾಗದಲ್ಲಿ ಬೇರೆಲ್ಲೂ ಬಚ್ಚಲಿನ ಕುರುಹಿಲ್ಲ, ಹಿರಿಯರೋ ಗೋಡೆಯ ಮೇಲಿನ ಫೋಟೋಗಳಲ್ಲಿ ಸ್ನಾನ ಮಾಡಿದವರಂತೆಯೇ ಕಾಣುತ್ತಾರೆ. ಉಳಿದದ್ದು ಆಪ್ತವಾಕ್ಯ. ಅಜ್ಜಿಯನ್ನು ಕೇಳಲಾಯಿತು, ಜಪದಲ್ಲಿದ್ದರು. ಮತ್ತೆ ಕೇಳಿದಾಗಲೂ ಜಪ. ಕಾಫಿಯ ಹೊತ್ತಿಗೆ, ‘ಶುದ್ಧಿ ಮಾಡಿಸಿಯೇ ದೇವರನ್ನ ಇಟ್ಟಿದ್ದು’ ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟರು. ಇದನ್ನು ಮೀರಿದ ಪ್ರಮಾಣವನ್ನು ಯಾವ ದರ್ಶನವೂ ಕೇಳಲಾರದು.

ಆದರೆ ಪ್ಲಂಬರರು ಕುತೂಹಲಕ್ಕೆಂದು ನಲ್ಲಿಯ ಬುಡವನ್ನು ರೆಂಚಿನಿಂದ ತಿರುಗಿಸಿದ್ದೇ ತಡ, ನೀರು ಚಿಮ್ಮಿತು. ಮೇನ್ ವಾಲ್ವ್ ಮುಚ್ಚಿತ್ತು, ಮೇಲಿನ ಟ್ಯಾಂಕು ಖಾಲಿಯಾಗಿತ್ತು, ಮೀಟರಿನ ಮುಳ್ಳು ಅಲುಗಲಿಲ್ಲ. ನೀರು ಮೊದಲು ತುಕ್ಕಿನ ಕೆಂಪಾಗಿ, ಆಮೇಲೆ ತಿಳಿಯಾಗಿ ಸುರಿಯುತ್ತಲೇ ಇತ್ತು. ಆಗ ಪಕ್ಕದ ಮನೆಯ ಅಡುಗೆಮನೆಯಿಂದ ‘ಅಯ್ಯೋ, ನಲ್ಲಿ ನಿಂತೇ ಹೋಯ್ತಲ್ಲ!’ ಎಂಬ ಕೂಗು ಕೇಳಿಸಿತು. ಒಂದಾನೊಂದು ಕಾಲಕ್ಕೆ ಎರಡೂ ಒಂದೇ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದಿತ್ತು. ಗೋಡೆಯೊಳಗಿನ ಪೈಪಿಗೆ ಯಾರೂ ವಿಷಯ ತಿಳಿಸಿರಲಿಲ್ಲ.

ಸಂಶೋಧನೆ ಇಲ್ಲಿಗೆ ಸಾಕೆಂದು ಯಜಮಾನರ ಅಪ್ಪಣೆಯಾಯಿತು. ಸಂಜೆಯೊಳಗೆ ಡಮ್ಮಿ ಬಿಗಿದು, ಮೇಲೆ ಟೈಲ್ಸ್ ಕೂರಿಸಿದರು. ಮಾರನೆಯ ದಿನ ಪಕ್ಕದ ಮನೆಗೆ ಒಂದು ಡಬ್ಬಿ ಹೋಳಿಗೆ ಹೋಯಿತು, ಹಬ್ಬವೇನೂ ಇರಲಿಲ್ಲ.